ಉತ್ತರನ ಭಯ: ‘ಒಲೆಯ ಮುಂದಣ ಪೌರುಷ’ವನ್ನು ಕುರಿತ ಒಂದು ಪರಿಶೀಲನೆ

೧

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮಹಾಭಾರತವನ್ನು ಓದದವರೂ, ಮತ್ಸ್ಯದೇಶವೆಲ್ಲಿತ್ತೆಂಬುದನ್ನು ಅರಿಯದವರೂ ಈ ಮಾತನ್ನು ಸಮಯವರಿತು ಬಳಸಬಲ್ಲರು. ಮನೆಯೊಳಗೆ ಬಡಾಯಿ ಕೊಚ್ಚಿ ಹೊರಗೆ ಬಾಲ ಮುದುರುವವನನ್ನು ಹಂಗಿಸುವುದಕ್ಕೆ ಇಷ್ಟು ಮೊನಚಾದ ನುಡಿ ನಮ್ಮಲ್ಲಿ ಇನ್ನೊಂದಿಲ್ಲವೆಂದರೂ ಸಲ್ಲುತ್ತದೆ. ಕಾವ್ಯದ ಪಾತ್ರವೊಂದು ಜನರ ನಾಲಿಗೆಯ ಮೇಲೆ ಗಾದೆಯಾಗಿ ನಿಲ್ಲುವುದು ಕವಿಗೆ ಸಂದ ಗೌರವವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ನಿಜವೇ ಸರಿ. ಆದರೆ ಗಾದೆಯಾದ ಪಾತ್ರ ಅಲ್ಲಿಂದ ಮುಂದೆ ಬೆಳೆಯುವುದಿಲ್ಲ. ಕವಿ ಅವನಿಂದ ಆಮೇಲೆ ಏನನ್ನು ನುಡಿಸಿದನು, ಏನನ್ನು ಮಾಡಿಸಿದನು ಎಂಬುದು ಮರೆತುಹೋಗುತ್ತದೆ. ಉತ್ತರನಿಗೆ ಆಗಿರುವುದು ಇದೇ ಎಂದು ನಮ್ಮ ಎಣಿಕೆ.

ಈ ವಿಚಾರಕ್ಕೆ ಎಡೆಯಾದ ಸಂದರ್ಭವನ್ನು ಇಲ್ಲಿ ಹೇಳಬೇಕು. ಕಲಬುರಗಿಯ ನಮ್ಮ ತರಗತಿಯಲ್ಲಿ ಕುಮಾರವ್ಯಾಸನ ವಿರಾಟಪರ್ವದ ಉತ್ತರಗೋಗ್ರಹಣದ ಭಾಗವನ್ನು ಪಾಠ ಹೇಳುತ್ತಿದ್ದೆವು. ಹೆಂಗಳೆಯರ ನಡುವೆ ಉತ್ತರನು ಆಡುವ ಬಿರುಸಿನ ಮಾತಿಗೂ, ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವ ಓಟಕ್ಕೂ ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಪಾಠದ ಕೊನೆಗೆ ವಾಡಿಕೆಯಂತೆ ಗಾದೆಯನ್ನೂ ಹೇಳಿದೆವು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮಾತ್ರ ನಗಲಿಲ್ಲ. ‘ಸರ್, ವಿರಾಟನ ಮನಿಯಾಗ ಒಲಿ ಮುಂದ ಇದ್ದಾವ ಭೀಮ ಅಲ್ಲೇನ್ರೀ?’ ಎಂದು ಕೇಳಿದಳು. ತರಗತಿ ಮತ್ತೊಮ್ಮೆ ನಕ್ಕಿತು. ಆದರೆ ಆ ಪ್ರಶ್ನೆಗೆ ಆಗ ನಮ್ಮ ಬಳಿ ಉತ್ತರವಿರಲಿಲ್ಲ. ಆಕೆಯ ತಾಯಿ ಕಮಲಾಪುರದಲ್ಲಿ ಪರರ ಮನೆಗಳಲ್ಲಿ ರೊಟ್ಟಿ ಬಡಿದು ಸಂಸಾರ ಸಾಗಿಸುವವಳೆಂಬುದು ಅನಂತರ ನಮಗೆ ತಿಳಿಯಿತು. ಒಲೆಯ ಮುಂದೆ ಕುಳಿತವರ ಪೌರುಷವೆಂಥದೆಂಬುದು ನಮಗಿಂತ ಆಕೆಗೆ ಹೆಚ್ಚು ಗೊತ್ತಿದ್ದಿರಬೇಕು.

ಆ ಪ್ರಶ್ನೆಯ ಬೆನ್ನು ಹಿಡಿದು ಎರಡು ವಿಷಯಗಳನ್ನು ಇಲ್ಲಿ ವಿಚಾರಿಸುತ್ತೇವೆ. ಯುದ್ಧಕ್ಕೆ ಹೋಗಿ ಮನಸ್ಸು ಮುರಿದು ಮನೆಗೆ ಮರಳುವ ಸೇನಾನಿಯನ್ನು ಸಾಹಿತ್ಯವು ಹೇಗೆ ಕಂಡಿದೆ ಎಂಬುದು ಮೊದಲನೆಯದು. ಅವನನ್ನು ಹತ್ತಿರದಿಂದ ನೋಡುವ ಮನೆಯ ಆಳುಕಾಳುಗಳಿಗೆ ಆ ಸಾಹಿತ್ಯ ಯಾವ ಸ್ಥಾನವನ್ನಿತ್ತಿದೆ ಎಂಬುದು ಎರಡನೆಯದು. ಇವೆರಡೂ ಬೇರೆಬೇರೆಯಲ್ಲ, ಒಂದೇ ಪ್ರಶ್ನೆಯ ಎರಡು ಮುಖಗಳು ಎಂಬುದು ಮುಂದೆ ಸ್ಪಷ್ಟವಾದೀತು.

೨

ವಿರಾಟಪರ್ವದಲ್ಲಿ ನಮ್ಮ ಮುಂದೆ ನಿಲ್ಲುವುದು ರಣರಂಗಕ್ಕಿಂತ ಮೊದಲು ಒಂದು ಮನೆ. ಅರಮನೆಯೇ ಆದರೂ ಅದು ಮನೆ. ಅಲ್ಲಿ ಅಡುಗೆಮನೆಯಿದೆ, ಲಾಯವಿದೆ, ಕೊಟ್ಟಿಗೆಯಿದೆ, ಅಂತಃಪುರವಿದೆ, ನಾಟ್ಯಶಾಲೆಯಿದೆ. ಅಜ್ಞಾತವಾಸದ ಹದಿಮೂರನೆಯ ವರ್ಷದಲ್ಲಿ ಪಾಂಡವರು ಈ ಒಂದೊಂದು ಎಡೆಯಲ್ಲಿಯೂ ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ಧರ್ಮರಾಜನು ಕಂಕನೆಂಬ ಹೆಸರಿನಿಂದ ಅರಸನ ಜೂಜಿನ ಜೊತೆಗಾರ. ಭೀಮನು ವಲಲನೆಂಬ ಬಾಣಸಿಗ. ಅರ್ಜುನನು ಬೃಹನ್ನಳೆಯೆಂಬ ನಾಟ್ಯದ ಕಲಿಸುಗ. ನಕುಲ ಸಹದೇವರು ಕುದುರೆಗಳನ್ನೂ ದನಗಳನ್ನೂ ಕಾಯುವವರು. ದ್ರೌಪದಿಯು ರಾಣಿ ಸುದೇಷ್ಣೆಯ ಸೈರಂಧ್ರಿ. ಮನೆಯ ಸೇವಕವರ್ಗದ ಹೆಸರುಗಳ ಪಟ್ಟಿಯೇ ಇಲ್ಲಿ ಕಾವ್ಯದ ನಾಯಕರ ಪಟ್ಟಿಯೂ ಆಗಿದೆ. ಯಜಮಾನರು ತಿಳಿದಿರುವುದು ಕಡಿಮೆ, ಆಳುಗಳು ತಿಳಿದಿರುವುದು ಹೆಚ್ಚು. ಈ ಪರ್ವದ ಸೊಗಸೆಲ್ಲ ಈ ವ್ಯತ್ಯಾಸದಿಂದ ಹುಟ್ಟಿದೆ.

ಯುದ್ಧವು ಈ ಮನೆಗೆ ಎರಡು ಬಾಗಿಲುಗಳಿಂದ ಬರುತ್ತದೆ. ಮೊದಲು ತೆಂಕಣ ದಿಕ್ಕಿನಲ್ಲಿ ತ್ರಿಗರ್ತದ ಸುಶರ್ಮನು ತುರುಗಳನ್ನು ಹಿಡಿಯುತ್ತಾನೆ. ವಿರಾಟನು ಇದ್ದಬದ್ದ ಸೇನೆಯನ್ನೆಲ್ಲ ಕರೆದುಕೊಂಡು ಅತ್ತ ಹೋಗುತ್ತಾನೆ; ಕಂಕ, ವಲಲ ಮೊದಲಾದ ನಾಲ್ವರೂ ಅವನ ಜೊತೆ ಹೋಗುತ್ತಾರೆ. ಆದುದರಿಂದ, ನಮ್ಮ ವಿದ್ಯಾರ್ಥಿನಿಯ ಮಾತು ಸಾಮಾನ್ಯವಾಗಿ ಸರಿಯಾದರೂ, ಉತ್ತರನು ಬಡಾಯಿ ಕೊಚ್ಚಿದ ದಿನ ಮಾತ್ರ ಒಲೆಯ ಮುಂದೆ ಭೀಮನಿರಲಿಲ್ಲವೆಂಬುದನ್ನು ಗಮನಿಸಬೇಕು. ಮರುದಿನ ಬಡಗಣ ದಿಕ್ಕಿನಲ್ಲಿ ಕೌರವರು ತುರುಗಳನ್ನು ಕವಿಯುತ್ತಾರೆ. ಗೋಪಾಲಕರ ಒಡೆಯನು ಓಡಿಬಂದು ಸುದ್ದಿ ಹೇಳುವಾಗ ನಗರದಲ್ಲಿ ಉಳಿದಿರುವ ರಾಜಪುರುಷ ಉತ್ತರನೊಬ್ಬನೇ. ಸಾರಥಿಯಿಲ್ಲದುದೊಂದೇ ತನ್ನ ಕೊರತೆಯೆಂದು ಅವನು ಹೆಂಗಳೆಯರ ಮುಂದೆ ಆಡಿದಾಗ, ಬೃಹನ್ನಳೆಯ ಹೆಸರನ್ನು ಸೂಚಿಸುವವಳು ಸೈರಂಧ್ರಿ. ರಾಜಕುಮಾರನನ್ನು ಯುದ್ಧಕ್ಕೆ ಹೊರಡಿಸಿದವಳು ಮನೆಯ ಪರಿಚಾರಿಕೆ. ರಥದ ಮೇಲೆ ಅವನ ಮುಂದೆ ಕುಳಿತವಳು ನಾಟ್ಯದ ಬೃಹನ್ನಳೆ.

ರಣಭೂಮಿಯನ್ನು ಕಂಡಾಗ ಉತ್ತರನಿಗೆ ರೋಮಾಂಚವಾಗುತ್ತದೆ, ಬಾಯಾರುತ್ತದೆ. ಅವನು ರಥವನ್ನು ತಿರುಗಿಸೆಂದು ಬೇಡುತ್ತಾನೆ. ಸಂಸ್ಕೃತ ಮೂಲದಲ್ಲಿ ಅವನು ಆಗ ಆಡುವ ಮಾತುಗಳ ಅಭಿಪ್ರಾಯವನ್ನು ನಾವು ನಗೆಯ ಭರದಲ್ಲಿ ಮರೆತುಬಿಡುತ್ತೇವೆ. ತಂದೆ ಸೇನೆಯನ್ನೆಲ್ಲ ಕರೆದುಕೊಂಡು ಹೋಗಿ ತನ್ನನ್ನು ಬರಿದಾದ ಊರಿನಲ್ಲಿ ನಿಲ್ಲಿಸಿದ್ದಾನೆ. ತನಗೆ ಒಬ್ಬ ಸೈನಿಕನೂ ಇಲ್ಲ. ತಾನೊಬ್ಬ ಬಾಲಕ, ಪಳಗದವನು. ಎದುರಿಗಿರುವವರು ಅಸ್ತ್ರವಿದ್ಯೆಯಲ್ಲಿ ನುರಿತ ಹಲವರು. ಇದರಲ್ಲಿ ಸುಳ್ಳು ಯಾವುದು? ಕೌರವರು ಗೋಧನವನ್ನು ಒಯ್ದರೆ ಒಯ್ಯಲಿ, ಗಂಡಸರೂ ಹೆಂಗಸರೂ ತನ್ನನ್ನು ಕಂಡು ನಕ್ಕರೆ ನಗಲಿ ಎಂದೂ ಅವನು ಹೇಳುತ್ತಾನೆ. ಗಾದೆ ಹುಟ್ಟುವುದಕ್ಕೆ ಬಹಳ ಹಿಂದೆಯೇ ಗಾದೆಯ ನಗೆಯನ್ನು ಅವನು ಊಹಿಸಿದ್ದನು.

೩

ಈ ಭಯವನ್ನು ನಮ್ಮ ಕಾವ್ಯಮೀಮಾಂಸೆ ಯಾವ ಬಗೆಯಲ್ಲಿ ಎಣಿಸುತ್ತದೆ? ಭರತನು ನಾಟ್ಯಶಾಸ್ತ್ರದಲ್ಲಿ ಉತ್ಸಾಹವನ್ನು ಉತ್ತಮಪ್ರಕೃತಿಯವರಿಗೂ, ಭಯವನ್ನು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಹಂಚಿಕೊಟ್ಟಿದ್ದಾನೆ. ಈ ಹಂಚಿಕೆಯಂತೆ ರಾಜಕುಮಾರನಲ್ಲಿ ಭಯವು ಸ್ಥಾಯಿಯಾಗಿ ಕಾಣಿಸಿದರೆ ಅದು ಅನೌಚಿತ್ಯ. ಅನೌಚಿತ್ಯದಿಂದ ಹಾಸ್ಯ ಹುಟ್ಟುತ್ತದೆ. ಕುಮಾರವ್ಯಾಸನು ಈ ಹಾಸ್ಯವನ್ನು ತನ್ನ ಭಾಮಿನಿಯ ಓಟದಲ್ಲಿ ಹೊನಲಾಗಿ ಹರಿಸಿದ್ದಾನೆ. ಅದರ ಸವಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ರಥದ ಮೇಲೆ ಇನ್ನೊಂದು ಅನೌಚಿತ್ಯ ಕುಳಿತಿದೆ. ಸ್ತ್ರೀವೇಷವನ್ನು ಧರಿಸಿ ಸೇವಾವೃತ್ತಿಯಲ್ಲಿರುವ ಬೃಹನ್ನಳೆಗೆ ಭರತನ ಹಂಚಿಕೆಯಂತೆ ಭಯವಿರಬೇಕಾಗಿತ್ತು, ಇರುವುದು ಉತ್ಸಾಹ. ಒಂದೇ ರಥದಲ್ಲಿ ಶಾಸ್ತ್ರದ ಎರಡು ತುದಿಗಳೂ ತಲೆಕೆಳಗಾಗಿವೆ. ನಾವು ನಗುವುದು ಒಂದಕ್ಕೆ ಮಾತ್ರ.

ಭಯವು ಕುಲವನ್ನೂ ಪದವಿಯನ್ನೂ ನೋಡಿ ಬರುವುದಿಲ್ಲವೆಂಬುದನ್ನು ಲೋಕವು ಒಪ್ಪಲೇಬೇಕಾದುದು ೧೯೧೪ರಿಂದ ೧೯೧೮ರ ವರೆಗಿನ ಮಹಾಯುದ್ಧದಲ್ಲಿ. ಮೈಮೇಲೆ ಗಾಯವಿಲ್ಲದ ಸೈನಿಕರು ಮೂಕರಾದರು, ಕುರುಡರಾದರು, ನಡುಗುತ್ತ ನೆನಪು ಕಳೆದುಕೊಂಡರು. ೧೯೧೫ರ ಫೆಬ್ರವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ‘ದಿ ಲ್ಯಾನ್ಸೆಟ್’ ಪತ್ರಿಕೆಯ ಲೇಖನದಲ್ಲಿ ಈ ಸ್ಥಿತಿಗೆ ‘ಶೆಲ್ ಷಾಕ್’ ಎಂಬ ಹೆಸರನ್ನು ಬಳಸಿದನು. ಇದನ್ನು ಕನ್ನಡದಲ್ಲಿ ನಾವು ‘ರಣಾಘಾತ’ ಎಂದು ಕರೆಯಬಹುದು. ಸಿಡಿಗುಂಡಿನ ಸಪ್ಪಳದಿಂದ ಮಿದುಳು ಕದಲಿ ಹೀಗಾಗುತ್ತದೆಂಬುದು ಮೊದಲಿನ ಊಹೆ; ಗುಂಡಿನ ಬಳಿ ಸುಳಿಯದವರಲ್ಲಿಯೂ ಇದು ಕಂಡುಬಂದಾಗ ಆ ಊಹೆ ನಿಲ್ಲಲಿಲ್ಲ. ಇಲ್ಲಿಯೂ ಭರತನ ಹಂಚಿಕೆಯನ್ನು ನೆನಪಿಗೆ ತರುವ ಒಂದು ವಿಂಗಡಣೆ ನಡೆಯಿತು. ಸೇನಾನಿಗಳಿಗೆ ಬಂದರೆ ಅದು ನರಗಳ ಬಳಲಿಕೆ. ಸಾಮಾನ್ಯ ಸಿಪಾಯಿಗಳಿಗೆ ಬಂದರೆ ಹಿಸ್ಟೀರಿಯ, ಎಂದರೆ ಅದುವರೆಗೆ ಹೆಂಗಸರದೆಂದು ಎಣಿಸಿದ್ದ ರೋಗ. ಚಿಕಿತ್ಸೆಯಲ್ಲಿಯೂ ಅಂತರವಿತ್ತು. ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಸೇನಾನಿಗಳೊಡನೆ ವೈದ್ಯರು ಸಮಾಧಾನದಿಂದ ಮಾತನಾಡುತ್ತಿದ್ದರು. ಲಂಡನ್ನಿನಲ್ಲಿ ಲೂಯಿಸ್ ಯೀಲ್ಯಾಂಡ್ ಎಂಬ ವೈದ್ಯನು ಮೂಕರಾದ ಸಿಪಾಯಿಗಳ ಗಂಟಲಿಗೆ ವಿದ್ಯುತ್ತನ್ನು ಹರಿಸಿ ಮಾತು ಹೊರಡಿಸುತ್ತಿದ್ದನು. ಓಡಿದವರನ್ನೂ ಹೇಡಿಗಳೆನಿಸಿಕೊಂಡವರನ್ನೂ ಗುಂಡಿಟ್ಟು ಕೊಂದದ್ದೂ ಉಂಟು. ಹೀಗೆ ಸತ್ತ ೩೦೬ ಮಂದಿ ಸೈನಿಕರಿಗೆ ಬ್ರಿಟಿಷ್ ಸರ್ಕಾರ ಕ್ಷಮೆಯಿತ್ತುದು ೨೦೦೬ರಲ್ಲಿ, ತೊಂಬತ್ತು ವರ್ಷಗಳ ಬಳಿಕ.

ಆ ಯುದ್ಧಕ್ಕೆ ನಮ್ಮ ನಾಡು ಹೊರಗಾಗಿರಲಿಲ್ಲ. ಕಲಬುರಗಿಯು ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಹೈದರಾಬಾದು, ಮೈಸೂರು, ಜೋಧಪುರ ಸಂಸ್ಥಾನಗಳ ಕುದುರೆಪಡೆಗಳು ಒಂದೇ ದಳವಾಗಿ ಈಜಿಪ್ಟಿನಲ್ಲಿಯೂ ಪ್ಯಾಲೆಸ್ಟೈನಿನಲ್ಲಿಯೂ ಇದ್ದುವು. ದೆಹಲಿಯ ತೀನ್‌ಮೂರ್ತಿಯ ಮೂರು ಶಿಲ್ಪಗಳು ಇವುಗಳ ನೆನಪಿಗೆ ನಿಂತಿವೆ.

ಉತ್ತರನ ಭಯವನ್ನು ರಣಾಘಾತವೆಂದು ಕರೆಯುವುದು ಅತಿಯಾಗುವುದಿಲ್ಲವೇ ಎಂದು ವಾಚಕರು ಕೇಳಬಹುದು. ತಿಂಗಳುಗಟ್ಟಲೆ ಕಂದಕಗಳಲ್ಲಿ ಕುಳಿತು ಮನಸ್ಸು ಸವೆದವನ ಸ್ಥಿತಿ ಬೇರೆ, ಯುದ್ಧ ಮೊದಲಾಗುವ ಮುನ್ನವೇ ಓಡಿದವನ ಸ್ಥಿತಿ ಬೇರೆ. ಈ ಆಕ್ಷೇಪಣೆ ನ್ಯಾಯವಾದುದು. ಅವನ ಮೊದಲ ಓಟವು ಪಳಗದವನ ದಿಗಿಲು ಮಾತ್ರ. ಆದರೆ ಸಂಸ್ಕೃತ ಭಾರತದ ಪ್ರಚಲಿತ ಪಾಠದಲ್ಲಿ ಉತ್ತರನು ಎರಡನೆಯ ಬಾರಿಯೂ ಕುಸಿಯುತ್ತಾನೆ. ಆ ಹೊತ್ತಿಗೆ ಅವನು ಅರ್ಜುನನ ಸಾರಥಿಯಾಗಿ ಬಹಳ ಹೊತ್ತು ರಥವನ್ನು ನಡೆಸಿದ್ದಾನೆ. ವೀರರೊಬ್ಬೊಬ್ಬರ ಎದುರಿಗೂ ನಿಂತು ಬಂದಿದ್ದಾನೆ. ಆಗ ಅವನು ಹೇಳುವುದರ ಸಾರವಿದು: ಇನ್ನು ಕುದುರೆಗಳನ್ನು ಹಿಡಿಯಲಾರೆ, ನೆತ್ತರು, ಕೊಬ್ಬುಗಳ ನಾತಕ್ಕೆ ಮನಸ್ಸು ಒಡೆದುಹೋಗಿದೆ, ದಿಕ್ಕುಗಳು ಸುತ್ತುತ್ತಿವೆ, ಶಂಖಗಳ, ಆನೆಗಳ, ಗಾಂಡೀವದ ಸದ್ದಿನಿಂದ ಕಿವಿಯೂ ನೆನಪೂ ಕೆಟ್ಟಿವೆ. ಇದು ಪುಕ್ಕಲನ ನೆಪವಲ್ಲ, ನಿಂತು ಹೋರಾಡಿದವನ ಬಳಲಿಕೆ. ಸದ್ದು, ನಾತ, ದಿಗ್ಭ್ರಮೆ, ಸ್ಮೃತಿನಾಶ ಎಂಬ ನಾಲ್ಕನ್ನೂ ಒಂದೆಡೆ ಕಂಡ ಕವಿಗೆ ರಣರಂಗದಲ್ಲಿ ಮನಸ್ಸಿಗೆ ಆಗುವ ಗಾಯದ ಅರಿವಿತ್ತೆಂದು ಹೇಳುವುದು ಅತಿಶಯೋಕ್ತಿಯಾಗಲಾರದು.

೪

ಈಗ ಪಶ್ಚಿಮದ ಎರಡು ಕೃತಿಗಳತ್ತ ತಿರುಗೋಣ. ಇವುಗಳೊಡನೆ ಹೋಲಿಸುವುದು ನಮ್ಮ ಕಾವ್ಯಕ್ಕೆ ಹಿರಿಮೆ ತರುವುದಕ್ಕಲ್ಲ. ನಮ್ಮ ಕಾವ್ಯದಲ್ಲಿ ನಾವು ಕಾಣದಿದ್ದುದನ್ನು ಕಾಣುವುದಕ್ಕೆ.

ರೆಬೆಕಾ ವೆಸ್ಟ್ ಬರೆದ ‘ದಿ ರಿಟರ್ನ್ ಆಫ್ ದ ಸೋಲ್ಜರ್’ ಎಂಬ ಕಿರುಕಾದಂಬರಿ ಪ್ರಕಟವಾದುದು ೧೯೧೮ರಲ್ಲಿ, ಯುದ್ಧವಿನ್ನೂ ಮುಗಿಯದಿದ್ದಾಗ. ಕ್ರಿಸ್ ಬಾಲ್ಡ್ರಿ ಎಂಬ ಸೇನಾನಿಗೆ ರಣಾಘಾತದಿಂದ ಹದಿನೈದು ವರ್ಷಗಳ ನೆನಪು ಅಳಿಸಿಹೋಗಿದೆ. ಹೆಂಡತಿ ಕಿಟ್ಟಿ ಅವನಿಗೆ ಅಪರಿಚಿತಳು. ಸತ್ತ ಮಗುವಿನ ನೆನಪೂ ಇಲ್ಲ. ಅವನ ಮನಸ್ಸಿನಲ್ಲಿ ಉಳಿದಿರುವವಳು ಹರೆಯದಲ್ಲಿ ಒಲಿದಿದ್ದ ಮಾರ್ಗರೆಟ್, ಥೇಮ್ಸ್ ನದಿಯ ನಡುಗಡ್ಡೆಯೊಂದರ ಅರವಟಿಗೆಯವನ ಮಗಳು. ಅವಳು ಈಗ ಬಡವನೊಬ್ಬನ ಹೆಂಡತಿ, ದುಡಿದು ಒರಟಾದ ಕೈಯವಳು. ಸೇನಾನಿಯ ಸ್ಥಿತಿಯ ಸುದ್ದಿಯನ್ನು ಅವನ ಮನೆಗೆ ತರುವವಳು ಅವಳೇ. ಅವಳ ಹಳೆಯ ಉಡುಪನ್ನು ಕಂಡ ಕಿಟ್ಟಿ, ಹಣ ಕೀಳಲು ಬಂದ ಮೋಸಗಾತಿಯೆಂದು ಬಗೆಯುತ್ತಾಳೆ. ಕೊನೆಗೆ ಅವನನ್ನು ಗುಣಪಡಿಸುವ ದಾರಿಯನ್ನು ಕಾಣುವವಳು ವೈದ್ಯನಲ್ಲ, ಈ ಮಾರ್ಗರೆಟ್ಟೇ: ಸತ್ತ ಮಗುವಿನ ಅಂಗಿಯನ್ನೂ ಚೆಂಡನ್ನೂ ಅವನ ಕೈಗೆ ಕೊಟ್ಟು ನೆನಪನ್ನು ಮರಳಿಸುತ್ತಾಳೆ. ಆದರೆ ಗುಣವಾದವನು ಮತ್ತೆ ಯುದ್ಧಕ್ಕೆ ಹೋಗಬೇಕು. ಇದು ಈ ಕಾದಂಬರಿಯ ಕಟುವಾದ ತಿರುಳು. ಮನೆಯವರು ಬಯಸಿದ ಆರೋಗ್ಯವೆಂದರೆ ಅವನನ್ನು ಪುನಃ ಕಂದಕಕ್ಕೆ ಕಳುಹುವ ಆರೋಗ್ಯ.

ಈ ಕೃತಿಯ ದೊಡ್ಡ ಮನೆಯಲ್ಲಿ ಆಳುಗಳಿದ್ದಾರೆ. ಅವರು ಬಂದವರ ಹೆಸರು ತಿಳಿಸುತ್ತಾರೆ, ಒಡತಿಯ ಕೂದಲು ತೊಳೆಯುತ್ತಾರೆ, ಮರೆಯಾಗುತ್ತಾರೆ. ಯಜಮಾನನು ತನ್ನ ಹೆಂಡತಿಯನ್ನೇ ಗುರುತಿಸದೆ ಹೋದುದನ್ನು ಅವರು ನೋಡದಿರಲಾರರು. ಆದರೆ ಅವರು ಏನನ್ನು ಕಂಡರೆಂಬುದನ್ನು ಕಾದಂಬರಿ ಕೇಳುವುದಿಲ್ಲ. ಕೆಳವರ್ಗದ ಹೆಣ್ಣೊಬ್ಬಳಿಗೆ ಹೃದಯದ ಸಿರಿಯನ್ನೆಲ್ಲ ಕೊಟ್ಟ ಲೇಖಕಿಯೂ ಅಡುಗೆಮನೆಯ ಬಾಗಿಲನ್ನು ತೆರೆಯಲಿಲ್ಲ.

ಎರಡನೆಯದು ಡೊರೊತಿ ಸೇಯರ್ಸ್ ಬರೆದ ಪತ್ತೇದಾರಿ ಕಾದಂಬರಿಗಳು. ವಿದ್ವಾಂಸರು ಇವನ್ನು ಗಣನೆಗೆ ತಾರದಿದ್ದರೂ ನಮ್ಮ ವಿಷಯಕ್ಕೆ ಇವು ಬಹು ಹತ್ತಿರ. ನಾಯಕ ಲಾರ್ಡ್ ಪೀಟರ್ ವಿಮ್ಸೆ ಯುದ್ಧದಲ್ಲಿ ಮೇಜರ್ ಆಗಿದ್ದವನು. ಮನೆಯ ಸೇವಕನಾದ ಬಂಟರ್ ಅದೇ ಯುದ್ಧದಲ್ಲಿ ಅವನ ಕೈಕೆಳಗಿನ ಸಾರ್ಜಂಟ್. ೧೯೨೩ರ ಮೊದಲ ಕಾದಂಬರಿಯಲ್ಲಿಯೇ ಒಂದು ರಾತ್ರಿ ವಿಮ್ಸೆಯು ಮತ್ತೆ ಕಂದಕದಲ್ಲಿರುವೆನೆಂದು ಭ್ರಮಿಸಿ ನಡುಗುತ್ತಾನೆ. ಬಂಟರ್ ಅವನನ್ನು ಮಗುವಿನಂತೆ ಮಲಗಿಸುತ್ತಾನೆ. ೧೯೩೭ರ ‘ಬಸ್‌ಮನ್ಸ್ ಹನಿಮೂನ್’ ಎಂಬ ಕಾದಂಬರಿಯಲ್ಲಿ ವಿಮ್ಸೆಯ ತಾಯಿ ಹಿಂದಿನ ಸಂಗತಿಯೊಂದನ್ನು ಹೇಳುತ್ತಾಳೆ. ಯುದ್ಧದಿಂದ ಬಂದ ಮಗನು ಮನೆಯ ಆಳುಗಳಿಗೆ ಒಂದು ಸಣ್ಣ ಅಪ್ಪಣೆಯನ್ನು ಸಹ ಕೊಡಲಾರದವನಾಗಿದ್ದನು. ನಾಲ್ಕು ವರ್ಷ ಅವನಿತ್ತ ಅಪ್ಪಣೆಗಳಿಂದ ಜನ ಸತ್ತಿದ್ದರು. ಇನ್ನು ಯಾರಿಗೆ ಏನನ್ನು ಹೇಳುವುದಕ್ಕೂ ಬಾಯಿ ಬಾರದು. ರಣಾಘಾತವನ್ನು ಕುರಿತು ನಾವು ಓದಿರುವ ಮಾತುಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದುದು ಇನ್ನೊಂದಿಲ್ಲ. ಒಡೆಯನೆನಿಸುವುದೇ ಅಪ್ಪಣೆಯಿಂದ, ಅಪ್ಪಣೆಯೇ ಗಾಯವಾದಾಗ ಒಡೆತನ ಬಿದ್ದುಹೋಗುತ್ತದೆ. ಆ ಬಿದ್ದುದನ್ನು ಎತ್ತಿ ನಿಲ್ಲಿಸುವವನು ಅಪ್ಪಣೆಗಾಗಿ ಕಾಯದೆ ಕೆಲಸ ಮಾಡಬಲ್ಲ ಸೇವಕ. ಆದರೆ ಇಲ್ಲಿಯೂ ಒಂದು ಕೊರತೆಯಿದೆ. ಬಂಟರನೂ ಅದೇ ಕಂದಕದಿಂದ ಬಂದವನಲ್ಲವೇ? ಅವನ ರಾತ್ರಿಗಳು ಹೇಗೆ ಕಳೆದುವು? ಆಳಿಗೆ ರಣಾಘಾತವಾಗುವುದು ಈ ಸಾಹಿತ್ಯದ ಕಣ್ಣಿಗೆ ಬೀಳುವುದು ಕಡಿಮೆ.

೫

ಈ ಬೆಳಕಿನಲ್ಲಿ ವಿರಾಟಪರ್ವಕ್ಕೆ ಮರಳಿದರೆ ಬೃಹನ್ನಳೆಯ ನಡೆ ಹೊಸದಾಗಿ ಕಾಣುತ್ತದೆ. ಉತ್ತರನು ರಥವನ್ನು ತಿರುಗಿಸೆಂದಾಗ ಅರ್ಜುನನೂ ಮೊದಲು ಬಳಸುವುದು ನಾಚಿಕೆಯ ಅಸ್ತ್ರವನ್ನೇ: ಹಾಗೆ ಹಿಂತಿರುಗಿದರೆ ಹೆಂಗಸರು ನಗುತ್ತಾರೆ. ಆ ಮಾತಿನ ಪರಿಣಾಮವೇನು? ಉತ್ತರನು ರಥದಿಂದ ಧುಮುಕಿ ಓಡುತ್ತಾನೆ. ಹಂಗಿಸುವುದರಿಂದ ಭಯ ಹೋಗಲಿಲ್ಲ, ಹೆಚ್ಚಿತು. ಅರ್ಜುನನು ಅದನ್ನು ಒಡನೆ ಅರಿತುಕೊಂಡನೆಂದು ತೋರುತ್ತದೆ. ಬೆನ್ನಟ್ಟಿ ಹಿಡಿದ ಮೇಲೆ ಅವನ ದಾರಿ ಬೇರೆಯಾಗುತ್ತದೆ. ಕಾದುವುದು ನಿನ್ನಿಂದಾಗದಿದ್ದರೆ ಬೇಡ, ಕುದುರೆಗಳನ್ನು ಹಿಡಿ, ಕಾದುವವನು ನಾನು. ಓಡುವ ಕೈಗೆ ಹಗ್ಗ ಕೊಟ್ಟುದು ಮೊದಲ ಚಿಕಿತ್ಸೆ. ಶಮೀವೃಕ್ಷದ ಬಳಿ ತನ್ನ ಹತ್ತು ಹೆಸರುಗಳನ್ನು ಹೇಳಿ ತಾನಾರೆಂಬ ಗುಟ್ಟನ್ನು ಒಪ್ಪಿಸಿದುದು ಎರಡನೆಯದು. ಊರೆಲ್ಲ ನಂಬದವನನ್ನು ತಾನು ನಂಬುವುದು ಅವನ ಭಯಕ್ಕೆ ಮದ್ದಾಯಿತು. ನಡುಯುದ್ಧದಲ್ಲಿ ಉತ್ತರನು ಮತ್ತೆ ಕುಸಿದಾಗ ಅರ್ಜುನನು ಹಂಗಿಸುವುದಿಲ್ಲ. ಈ ಕಾಳಗದಲ್ಲಿ ನೀನೂ ಅದ್ಭುತವಾದ ಕೆಲಸ ಮಾಡಿರುವೆ, ಧೈರ್ಯ ತಂದುಕೋ ಎನ್ನುತ್ತಾನೆ. ಇದು ಮೂರನೆಯದು.

ಕ್ರೇಗ್‌ಲಾಕ್‌ಹಾರ್ಟಿನಲ್ಲಿ ಸೇನಾನಿಗಳಿಗೆ ಚಿಕಿತ್ಸೆ ಮಾಡಿದ ಡಬ್ಲ್ಯೂ. ಎಚ್. ಆರ್. ರಿವರ್ಸ್ ಎಂಬ ವೈದ್ಯನು ಕಂಡುಕೊಂಡ ವಿಧಾನ ಇದಕ್ಕೆ ದೂರವಾದುದಲ್ಲ. ಇವನು ನಮ್ಮ ನೆರೆಯ ನೀಲಗಿರಿಯ ತೋಡರ ನಡುವೆ ಇದ್ದು ಅವರ ಜೀವನವನ್ನು ಕುರಿತು ೧೯೦೬ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದವನು. ಕಂಡ ಭೀಕರವನ್ನು ಮರೆತುಬಿಡೆಂದು ರೋಗಿಗೆ ಹೇಳುವುದು ಕೆಡುಕು; ಅದನ್ನು ಎದುರಿಟ್ಟು ನೋಡಿ, ಸಹಿಸಬಹುದಾದ ಒಂದು ಎಳೆಯನ್ನು ಅದರೊಳಗೆ ಕಂಡುಕೊಳ್ಳುವಂತೆ ಮಾಡಬೇಕು ಎಂದು ಇವನು ೧೯೧೭-೧೮ರಲ್ಲಿ ವಾದಿಸಿದನು. ರಣದಲ್ಲಿ ಬೃಹನ್ನಳೆ ಉತ್ತರನಿಗೆ ತೋರಿಸಿಕೊಟ್ಟುದು ಇಂಥ ಒಂದು ಎಳೆಯನ್ನೇ.

ಇನ್ನು ಉತ್ತರನು ಮನೆಗೆ ಮರಳುವ ಸಂದರ್ಭ. ಗೆದ್ದವನು ರಾಜಕುಮಾರನೆಂಬ ಸುದ್ದಿ ಮುಂದಾಗಿ ಊರನ್ನು ತಲುಪಿದೆ. ವಿರಾಟನು ಬೀದಿಗಳನ್ನು ಸಿಂಗರಿಸುವಂತೆ ಹೇಳಿ, ಸಂಭ್ರಮದಿಂದ ಕಂಕನೊಡನೆ ಜೂಜಿಗೆ ಕುಳಿತು ಮಗನನ್ನು ಹೊಗಳುತ್ತಾನೆ. ಬೃಹನ್ನಳೆ ಸಾರಥಿಯಾಗಿದ್ದ ಮೇಲೆ ಗೆಲುವೇನು ದೊಡ್ಡದೆಂದು ಕಂಕನು ಮತ್ತೆಮತ್ತೆ ಹೇಳಿದಾಗ ಅರಸನು ಕೆರಳಿ ದಾಳವನ್ನು ಅವನ ಮುಖಕ್ಕೆ ಎಸೆಯುತ್ತಾನೆ. ಮೂಗಿನಿಂದ ಇಳಿದ ನೆತ್ತರು ನೆಲಕ್ಕೆ ಬೀಳದಂತೆ ಸೈರಂಧ್ರಿ ಪಾತ್ರೆಯಲ್ಲಿ ಹಿಡಿಯುತ್ತಾಳೆ. ಮನೆಯ ಒಡೆಯನಿಗೆ ಬೇಕಾಗಿರುವುದು ವೀರಪುತ್ರನ ಕಥೆ. ಆ ಕಥೆಗೆ ಒಪ್ಪದ ಸತ್ಯವನ್ನು ನುಡಿದವನ ಮೂಗು ಒಡೆಯುತ್ತದೆ.

ಉತ್ತರನು ಒಳಗೆ ಬರುವುದು ಈ ಗಳಿಗೆಯಲ್ಲಿ. ಗಾದೆಯ ಉತ್ತರನಾಗಿ ಉಳಿದಿದ್ದರೆ ಅವನಿಗೆ ಇದು ಸುಗ್ಗಿ. ಗೆದ್ದವನು ನೀನೆಂದೇ ಹೇಳಿಕೋ ಎಂದು ಅರ್ಜುನನು ಹೇಳಿಕೊಟ್ಟಿದ್ದಾನೆ; ಊರು ತೋರಣ ಕಟ್ಟಿದೆ; ತಂದೆ ತೋಳು ಚಾಚಿದ್ದಾನೆ. ಒಲೆಯ ಮುಂದಣ ಪೌರುಷಕ್ಕೆ ಇದಕ್ಕಿಂತ ಒಳ್ಳೆಯ ಎಡೆ ಇನ್ನೆಲ್ಲಿ? ಅವನು ಮೊದಲು ಕೇಳುವುದು, ಈತನನ್ನು ಹೊಡೆದವರು ಯಾರೆಂದು. ಹೊಡೆದವನು ತಂದೆಯೆಂದು ತಿಳಿದಾಗ, ಮಾಡಬಾರದುದನ್ನು ಮಾಡಿದಿರಿ, ಬೇಗ ಸಮಾಧಾನಪಡಿಸಿ ಎನ್ನುತ್ತಾನೆ. ಅರಸನು ಕಂಕನಲ್ಲಿ ಕ್ಷಮೆ ಬೇಡುತ್ತಾನೆ. ಬಳಿಕ ಯುದ್ಧದ ಮಾತು ಬಂದಾಗ ಉತ್ತರನು ತುಂಬಿದ ಸಭೆಯಲ್ಲಿ ಹೇಳುತ್ತಾನೆ: ತುರುಗಳನ್ನು ಬಿಡಿಸಿದವನು ನಾನಲ್ಲ, ದೇವಪುತ್ರನೊಬ್ಬನು, ನಾನು ಹೆದರಿ ಓಡುತ್ತಿದ್ದೆ, ಅವನು ನನ್ನನ್ನು ತಡೆದು ನಿಲ್ಲಿಸಿದನು.

ಈ ಮಾತಿಗೆ ನಾವು ಸಾಕಷ್ಟು ಬೆಲೆ ಕೊಟ್ಟಿಲ್ಲ. ಅರ್ಜುನನ ಗುಟ್ಟನ್ನು ಅವನು ಬಿಡಲಿಲ್ಲ. ಆದರೂ ತನ್ನನ್ನು ಕುರಿತ ಸುಳ್ಳನ್ನು ಒಪ್ಪಲಿಲ್ಲ. ‘ಹೆದರಿದೆ’ ಎಂದು ತಂದೆಯ ಎದುರು, ಸಭೆಯ ಎದುರು ಹೇಳಿದ ರಾಜಕುಮಾರರು ನಮ್ಮ ಕಾವ್ಯಗಳಲ್ಲಿ ಎಷ್ಟು ಮಂದಿ? ರಣದಲ್ಲಿ ಅವನು ತೋರಲಾರದ ಪೌರುಷವನ್ನು ಮನೆಯಲ್ಲಿ ತೋರಿದನು. ಹಾಗೆ ನೋಡಿದರೆ ಗಾದೆಯ ಮಾತು ಅಕ್ಷರಶಃ ನಿಜ: ಉತ್ತರನ ಪೌರುಷವು ಒಲೆಯ ಮುಂದೆಯೇ ಕಂಡಿತು. ಆದರೆ ಅದು ಹೊರಡುವ ಮೊದಲು ಆಡಿದ ಮಾತಿನಲ್ಲಲ್ಲ, ಮರಳಿದ ಮೇಲೆ ಆಡಿದ ಮಾತಿನಲ್ಲಿ.

೬

ಇಲ್ಲಿಗೆ ನಿಲ್ಲಿಸಿದರೆ ಲೇಖನವು ನಮ್ಮ ಕಾವ್ಯದ ಮೇಲ್ಮೆಯನ್ನು ಸಾರುವ ಮಾತಾಗಿ ಮುಗಿದೀತು. ಆದರೆ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಇನ್ನೂ ಅರ್ಧ ಉಳಿದಿದೆ.

ವಿರಾಟನ ಮನೆಯ ಆಳುಗಳು ಆಳುಗಳೇ ಅಲ್ಲ, ವೇಷ ಧರಿಸಿದ ಅರಸರು. ಬಂಟರನ ಸ್ಥಾನದಲ್ಲಿ ಅರ್ಜುನನಿದ್ದರೆ ಅದು ಸೇವಕನ ಹಿರಿಮೆಯಾಗುವುದು ಹೇಗೆ? ಈ ಆಕ್ಷೇಪಣೆಯನ್ನು ನಾವು ಪೂರ್ಣವಾಗಿ ಕಳೆಯಲಾರೆವು. ಕಂಕನಿಗೆ ಸಂದ ಕ್ಷಮೆಗೂ ಒಂದು ಮಿತಿಯಿದೆ. ಅವನು ಬ್ರಾಹ್ಮಣವೇಷದಲ್ಲಿದ್ದವನು, ಬ್ರಾಹ್ಮಣನ ಮುನಿಸು ಸುಟ್ಟೀತೆಂಬುದೇ ಉತ್ತರನು ತಂದೆಗೆ ಕೊಟ್ಟ ಕಾರಣ. ಇದೇ ಸಭೆಯಲ್ಲಿ, ಇದೇ ಅರಸನ ಕಣ್ಣೆದುರಿಗೆ, ಕೆಲವು ದಿನಗಳ ಹಿಂದೆ ಕೀಚಕನು ಸೈರಂಧ್ರಿಯನ್ನು ಒದ್ದಿದ್ದನು. ಆಗ ಯಾರೂ ಅವಳ ಕ್ಷಮೆ ಬೇಡಲಿಲ್ಲ. ನ್ಯಾಯವನ್ನು ಕೇಳಿದ ಅವಳಿಗೆ ಅರಸನಿಂದ ನ್ಯಾಯ ಸಿಗಲಿಲ್ಲ. ಅವಳ ನೆತ್ತರಿಗೆ ಪಾತ್ರೆ ಹಿಡಿದವರಿಲ್ಲ. ಕಂಕನ ನೆತ್ತರಿಗೆ ಪಾತ್ರೆ ಹಿಡಿದವಳು ಅವಳೇ. ಒಂದೇ ಮನೆಯಲ್ಲಿ ಇಬ್ಬರು ಊಳಿಗದವರ ಮೇಲೆ ಬಿದ್ದ ಎರಡು ಪೆಟ್ಟುಗಳನ್ನು ಎದುರುಬದುರಾಗಿ ಇಟ್ಟುದು ಕವಿಯ ಉದ್ದೇಶವಿರಲಿ, ಇಲ್ಲದಿರಲಿ, ಓದುವ ನಮಗೆ ಅದನ್ನು ಕಾಣದೆ ಗತ್ಯಂತರವಿಲ್ಲ.

ಆದರೂ ಒಂದು ಮಾತನ್ನು ಕಾವ್ಯದ ಪರವಾಗಿ ಹೇಳಬೇಕು. ವೇಷವೆಂಬುದು ಓದುಗನಿಗೆ ತಿಳಿದಿದೆ, ವಿರಾಟನಿಗೆ ತಿಳಿದಿಲ್ಲ. ಪಾಂಡವರು ತಮ್ಮ ನಿಜವನ್ನು ತಿಳಿಸುವುದು ಇನ್ನೂ ಎರಡು ದಿನಗಳ ಬಳಿಕ. ಆದುದರಿಂದ ವಿರಾಟನು ಕ್ಷಮೆ ಬೇಡಿದುದು ಧರ್ಮರಾಜನನ್ನಲ್ಲ, ತನ್ನ ಅನ್ನವನ್ನುಂಡು ತನ್ನ ಮನೆಯಲ್ಲಿದ್ದ ಕಂಕನನ್ನು. ಅಲ್ಲದೆ ಅರಸರನ್ನು ಒಂದು ವರ್ಷ ಒಲೆಯ ಮುಂದೆ, ಲಾಯದಲ್ಲಿ, ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಥೆಯು ಆ ಎಡೆಗಳನ್ನು ಮತ್ತೆ ಮೊದಲಿನಂತೆ ಹೀನಾಯವಾಗಿ ನೋಡಗೊಡುವುದಿಲ್ಲ. ಅಡುಗೆಯವನ ತೋಳಿನಲ್ಲಿ ಕೀಚಕನನ್ನು ಕೊಂದ ಬಲವಿರಬಹುದೆಂಬ ಶಂಕೆಯನ್ನು ಅದು ಕೇಳುವವರ ಮನಸ್ಸಿನಲ್ಲಿ ಬಿತ್ತುತ್ತದೆ. ಮಳೆ ಹಿಂದಾದರೆ ವಿರಾಟಪರ್ವವನ್ನು ಓದಿಸುವ ವಾಡಿಕೆ ಕನ್ನಡ ನಾಡಿನಲ್ಲಿ ಹಳೆಯದು. ಮಳೆಯನ್ನೇ ನೆಚ್ಚಿ ತೊಗರಿ ಬೆಳೆಯುವ ನಮ್ಮ ಸೀಮೆಯಂಥ ಕಡೆ ಈ ಪರ್ವವನ್ನು ಓದಿಸಿದರೆ ಅದನ್ನು ಕೇಳಲು ಕೂಡುವವರಲ್ಲಿ ಹೊಲದಲ್ಲಿಯೂ ಪರರ ಮನೆಯಲ್ಲಿಯೂ ದುಡಿಯುವವರಿರುತ್ತಾರೆ. ಆ ಶಂಕೆಯ ಸವಿ ಅವರಿಗೆ ತಿಳಿಯದೆ ಇರಲಾರದು. ಗಾದೆಯನ್ನು ಕಟ್ಟಿದವರು ಮಾತ್ರ ಒಲೆಯನ್ನು ಹೇಡಿಯ ಆಸರೆಯೆಂದೇ ಕಂಡರು.

೭

ಉತ್ತರನ ಕಥೆ ವಿರಾಟಪರ್ವಕ್ಕೆ ಮುಗಿಯುವುದಿಲ್ಲ. ಕುರುಕ್ಷೇತ್ರದ ಮೊದಲನೆಯ ದಿನದ ಯುದ್ಧದಲ್ಲಿ ಅವನು ಆನೆಯನ್ನೇರಿ ಶಲ್ಯನನ್ನು ಎದುರಿಸುತ್ತಾನೆ. ಶಲ್ಯನ ಶಕ್ತ್ಯಾಯುಧಕ್ಕೆ ಅಂದೇ ಮಡಿಯುತ್ತಾನೆ. ಓಡಿದವನೆಂದು ನಾವು ನಗುವ ಈ ತರುಣನು ಪಾಂಡವರ ಪಕ್ಷದಲ್ಲಿ ಮೊದಲ ದಿನವೇ ಬಿದ್ದ ರಾಜಪುತ್ರ. ವೆಸ್ಟ್ ಬರೆದ ಕಾದಂಬರಿಯ ಸೇನಾನಿಯಂತೆ ಇವನೂ ಗುಣವಾದನು, ಗುಣವಾದವನು ಮತ್ತೆ ಯುದ್ಧಕ್ಕೆ ಸಂದನು. ಆದುದರಿಂದ ಅವನ ಭಯವನ್ನು ಕಳೆದ ಚಿಕಿತ್ಸೆಯನ್ನು ಹೊಗಳುವಾಗಲೂ ನಮ್ಮ ಮಾತು ತಡವರಿಸಬೇಕು.

ಕಾಲೇಜುಗಳಲ್ಲಿ ಈ ಭಾಗವನ್ನು ಪಾಠ ಹೇಳುವ ಅಧ್ಯಾಪಕರಲ್ಲಿ ನಮ್ಮ ಬಿನ್ನಹ ಇಷ್ಟೆ. ಪಠ್ಯಭಾಗವು ಉತ್ತರನ ಓಟಕ್ಕೆ ನಿಂತಿದ್ದರೂ ಪಾಠ ಅಲ್ಲಿಗೆ ನಿಲ್ಲಬಾರದು. ವಿದ್ಯಾರ್ಥಿಗಳು ನಗಲಿ, ಕುಮಾರವ್ಯಾಸನು ನಗಿಸಿದಾಗ ನಗದಿರುವುದು ಅರಸಿಕತನ. ನಕ್ಕ ಬಳಿಕ ಅವನನ್ನು ಸಭೆಗೂ ಕರೆತಂದು ಆ ಒಪ್ಪಿಗೆಯ ಮಾತನ್ನು ಕೇಳಿಸಬೇಕು. ಹೆದರಿದೆನೆಂದು ಹೇಳಲಾರದ ತರುಣರು ನಮ್ಮ ತರಗತಿಗಳಲ್ಲಿಯೂ ಇದ್ದಾರೆ. ಒಲೆಯ ಮುಂದೆ ದುಡಿಯುವ ತಾಯಂದಿರ ಮಕ್ಕಳೂ ಇದ್ದಾರೆ. ಕಮಲಾಪುರದ ಆ ವಿದ್ಯಾರ್ಥಿನಿಗೆ ಅಂದು ನಾವು ಕೊಡಲಾರದೆ ಹೋದ ಉತ್ತರವನ್ನು ಇಲ್ಲಿ ಬರೆದಿದ್ದೇವೆ: ಹೌದು, ಆ ಮನೆಯ ಒಲೆಯ ಮುಂದೆ ಇದ್ದವನು ಭೀಮನೇ, ಗಾದೆ ಅದನ್ನು ಮರೆತಿದೆ.